ಐವತ್ತೇಳು ವರ್ಷ ಓಡಿದ ಬೋಗಿಗಳು

2020ರ ಜೂನ್ 3ರ ನಸುಕಿನಲ್ಲಿ ನ್ಯೂಯಾರ್ಕ್‌ನ ಚೇಂಬರ್ಸ್ ಸ್ಟ್ರೀಟ್ ನಿಲ್ದಾಣದ ಬಳಿ ಸಬ್‌ವೇ ರೈಲೊಂದು ಓಡುತ್ತಿದ್ದಂತೆಯೇ ಎರಡು ಹೋಳಾಯಿತು. ಬೋಗಿಗಳ ನಡುವಿನ ಕೊಂಡಿ ಬಿಟ್ಟುಹೋಗಿತ್ತು. ಒಳಗಿದ್ದವರು ಬೆರಳೆಣಿಕೆಯ ಪ್ರಯಾಣಿಕರು, ಯಾರಿಗೂ ಗಾಯವಾಗಲಿಲ್ಲ. ಬೇರ್ಪಟ್ಟದ್ದು ಹಳೆಯ ರೈಲಲ್ಲ, ಹೊಚ್ಚಹೊಸ ಮಾದರಿಯದು. ಬೊಂಬಾರ್ಡಿಯರ್ ಕಂಪನಿ ಕಟ್ಟಿದ ಆರ್-179 ಬೋಗಿಗಳು ಪ್ರಯಾಣಿಕರ ಸೇವೆಗೆ ಬಂದು ಆಗ ಮೂರು ವರ್ಷವೂ ತುಂಬಿರಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಬಾಗಿಲುಗಳ ದೋಷಕ್ಕಾಗಿ ಅವನ್ನು ಒಮ್ಮೆ ನಿಲ್ಲಿಸಲಾಗಿತ್ತು. ಈಗ ಎರಡನೆಯ ಸಲ, 318 ಬೋಗಿಗಳ ಆ ಇಡೀ ದಂಡು ಡಿಪೊ ಸೇರಿತು.

ಅವು ಬಿಟ್ಟ ಜಾಗ ತುಂಬಲು ಜುಲೈನಲ್ಲಿ ಹೊರಬಂದವು ಆರ್-32 ಬೋಗಿಗಳು. ಅವು ಮೊದಲ ಬಾರಿ ಪ್ರಯಾಣಿಕರನ್ನು ಹೊತ್ತದ್ದು 1964ರ ಸೆಪ್ಟೆಂಬರ್‌ನಲ್ಲಿ. ಅಂದರೆ ಮನೆಗೆ ಕಳಿಸಿ ಆಗಿದ್ದ ಸುಮಾರು 56 ವರ್ಷದ ಬೋಗಿಗಳನ್ನು, ಯಾವ ಹೊಸ ಬೋಗಿಗಳು ಬಂದವೆಂದು ಕಳಿಸಿದ್ದರೋ ಅವುಗಳ ಬದಲಿಗೆ ಮತ್ತೆ ಕೆಲಸಕ್ಕೆ ಕರೆದಿದ್ದರು.

ಈ ಪ್ರಸಂಗ ಕೇಳಿದ ಕೂಡಲೇ ‘ಹಳೆಯದೇ ಗಟ್ಟಿ’ ಎಂದುಬಿಡುವುದು ಸುಲಭ. ಆದರೆ ಆರ್-32ರ ಕಥೆಯನ್ನು ಪೂರ್ತಿ ನೋಡಿದರೆ ಅದು ಹಾಗೆ ಮುಗಿಯುವಂಥದ್ದಲ್ಲ. ಬೋಗಿಯನ್ನು ಕಟ್ಟಿದವರ ಕೌಶಲ ಒಂದು ಕಡೆ, ಅದನ್ನು ನಿವೃತ್ತಿಗೊಳಿಸಬೇಕಾದವರ ಉದಾಸೀನ ಇನ್ನೊಂದು ಕಡೆ. ಇವೆರಡರ ನಡುವೆ ಸೆಕೆಯಲ್ಲಿ ನಿಂತು ಪ್ರಯಾಣಿಸಿದ ಲಕ್ಷಾಂತರ ಜನ. ಆ ಜನರನ್ನು ಮರೆತು ಬೋಗಿಯ ಆಯಸ್ಸನ್ನಷ್ಟೇ ಹೊಗಳುವುದು ನನಗೆ ಸರಿಕಾಣುವುದಿಲ್ಲ.

ಆರ್-32 ಕಟ್ಟಿದ್ದು ಫಿಲಡೆಲ್ಫಿಯಾದ ಬಡ್ ಕಂಪನಿ. ಸ್ಟೇನ್‌ಲೆಸ್ ಸ್ಟೀಲಿನ ತೆಳು ತಗಡುಗಳನ್ನು ವಿದ್ಯುತ್ತಿನ ಕ್ಷಣಮಾತ್ರದ ಬಿಸಿಯಿಂದ ಚುಕ್ಕಿಚುಕ್ಕಿಯಾಗಿ ಬೆಸೆಯುವ ವಿದ್ಯೆಯಲ್ಲಿ ಆ ಕಂಪನಿ 1930ರ ದಶಕದಿಂದಲೇ ಪಳಗಿತ್ತು. ಬೆಸುಗೆಯ ಬಿಸಿ ಹೆಚ್ಚಾದರೆ ಸ್ಟೇನ್‌ಲೆಸ್ ಸ್ಟೀಲ್ ತನ್ನ ತುಕ್ಕು ತಡೆಯುವ ಗುಣವನ್ನೇ ಕಳೆದುಕೊಳ್ಳುತ್ತದೆ; ಬಿಸಿ ಕಡಿಮೆಯಾದರೆ ಬೆಸುಗೆ ನಿಲ್ಲುವುದಿಲ್ಲ. ಬಡ್ ಅದನ್ನು ಹದದಲ್ಲಿ ಹಿಡಿದಿತ್ತು. 1949ರಲ್ಲೇ ನ್ಯೂಯಾರ್ಕ್‌ಗಾಗಿ ಸ್ಟೇನ್‌ಲೆಸ್ ಸ್ಟೀಲಿನ ಹತ್ತು ಮಾದರಿ ಬೋಗಿಗಳನ್ನು ಮಾಡಿಕೊಟ್ಟಿತ್ತು. ಒಂದೊಂದಕ್ಕೂ ಸುಮಾರು ಒಂದು ಲಕ್ಷ ಡಾಲರ್ ಬಿದ್ದದ್ದರಿಂದ ಜನ ಅದನ್ನು ‘ಮಿಲಿಯನ್ ಡಾಲರ್ ರೈಲು’ ಎಂದರು, ಸರ್ಕಾರ ಮುಂದಿನ ಆರ್ಡರ್ ಕೊಡಲಿಲ್ಲ. ಸುಮಾರು ಹದಿನೈದು ವರ್ಷದ ಬಳಿಕ ಬಡ್ ಮತ್ತೆ ಬಂದಾಗ ಬೋಗಿಯೊಂದಕ್ಕೆ ಸುಮಾರು 1,14,700 ಡಾಲರಿನಂತೆ 600 ಬೋಗಿಗಳ ಗುತ್ತಿಗೆ ಗಿಟ್ಟಿಸಿತು. ಅಲ್ಲಿಯವರೆಗೆ ನ್ಯೂಯಾರ್ಕ್‌ನ ಸಬ್‌ವೇ ಎಂದರೆ ಬಣ್ಣ ಬಳಿದ ಕಬ್ಬಿಣದ ಪೆಟ್ಟಿಗೆಗಳ ಸಾಲು. ಅಡ್ಡಗೆರೆಗಳ ಸುಕ್ಕುತಗಡಿನ ಮೈಯಲ್ಲಿ ಫಳಫಳಿಸುತ್ತ ಬಂದ ಈ ಬೋಗಿಗಳಿಗೆ ‘ಬ್ರೈಟ್‌ಲೈನರ್’ ಎಂಬ ಹೆಸರು ನಿಂತಿತು. ಬಣ್ಣ ಬಳಿಯುವ ಖರ್ಚಿಲ್ಲ, ಹೊರಮೈಗೆ ತುಕ್ಕಿಲ್ಲ.

ಆರ್-32ರ ಮುಂಭಾಗದ ಬಾಗಿಲಿನ ಗಾಜಿಗೆ ಮುಖ ಒತ್ತಿ ನಿಂತರೆ ಚಾಲಕನಿಗೆ ಕಾಣುವಷ್ಟೇ ಸುರಂಗ ಪ್ರಯಾಣಿಕನಿಗೂ ಕಾಣುತ್ತಿತ್ತು. ಬೋಗಿಯ ಇಡೀ ಅಗಲಕ್ಕೂ ಚಾಲಕನ ಕೋಣೆ ಇರುವ ಹೊಸ ರೈಲುಗಳಲ್ಲಿ ಆ ಕಿಟಕಿ ಇಲ್ಲವಾಯಿತು. ನ್ಯೂಯಾರ್ಕ್‌ನ ಎಷ್ಟೋ ಮಕ್ಕಳು ರೈಲಿನ ಹುಚ್ಚು ಹಿಡಿಸಿಕೊಂಡದ್ದು ಆ ಗಾಜಿನ ಮುಂದೆಯೇ.

ಗಟ್ಟಿ ಬೋಗಿ ಬಂದರೆ ಸಾಲದು, ಅದನ್ನು ನೋಡಿಕೊಳ್ಳಬೇಕು. 1970ರ ದಶಕದಲ್ಲಿ ನ್ಯೂಯಾರ್ಕ್ ನಗರ ದಿವಾಳಿಯ ಅಂಚಿಗೆ ಬಂದಾಗ ಮೊದಲು ಕತ್ತರಿ ಬಿದ್ದದ್ದು ಈ ನೋಡಿಕೊಳ್ಳುವ ಕೆಲಸಕ್ಕೆ. ರೈಲು ನಿಲ್ಲಿಸಿದರೆ ಮರುದಿನವೇ ಗಲಾಟೆ. ರಿಪೇರಿ ನಿಲ್ಲಿಸಿದರೆ ಕೆಲವು ವರ್ಷ ಯಾರಿಗೂ ಕಾಣದು. ಕಂಡಾಗ ಮಾತ್ರ ಎಲ್ಲ ಒಟ್ಟಿಗೆ ಕಂಡಿತು. 1980ರ ದಶಕದ ಆರಂಭದಲ್ಲಿ ಒಂದು ಬೋಗಿ ಸರಾಸರಿ ಆರೇಳು ಸಾವಿರ ಮೈಲಿ ಓಡುವಷ್ಟರಲ್ಲಿ ಕೆಟ್ಟು ನಿಲ್ಲುತ್ತಿತ್ತು. ಬಾಗಿಲು ಮುಚ್ಚುತ್ತಿರಲಿಲ್ಲ, ದೀಪ ಆರಿಹೋಗುತ್ತಿತ್ತು, ಹಳಿಗಳ ಮೇಲೆ ಬೆಂಕಿ ಹೊತ್ತಿಕೊಳ್ಳುತ್ತಿತ್ತು. ಒಳಗೂ ಹೊರಗೂ ಗೀಚುಬರಹ ಮೆತ್ತಿಕೊಂಡು ಕಿಟಕಿಯಾಚೆ ಯಾವ ನಿಲ್ದಾಣ ಬಂತೆಂದೇ ತಿಳಿಯದ ಕಾಲ ಅದು. ಬ್ರೈಟ್‌ಲೈನರುಗಳ ಹೊಳಪೂ ಅದರಡಿ ಹೂತುಹೋಯಿತು.

ಅಲ್ಲಿಂದ ಎದ್ದು ನಿಂತ ಬಗೆ ಗಮನಿಸುವಂಥದ್ದು. ಸಾರಿಗೆ ಪ್ರಾಧಿಕಾರದ ಮುಖ್ಯಸ್ಥರಾಗಿದ್ದ ರಿಚರ್ಡ್ ರಾವಿಚ್ ಹಣ ಹೊಂದಿಸುವ ದಾರಿ ಹುಡುಕಿದರು. 1984ರಲ್ಲಿ ಸಬ್‌ವೇ ಆಡಳಿತ ವಹಿಸಿಕೊಂಡ ಡೇವಿಡ್ ಗನ್ ಆ ಹಣ ಡಿಪೊ ತಲುಪುವಂತೆ ನೋಡಿಕೊಂಡರು. ಹೊಸ ಬೋಗಿಗಳು ಬಂದವು ನಿಜ. ಅದಕ್ಕಿಂತ ಹೆಚ್ಚಾಗಿ, ಹಳೆಯ ಬೋಗಿಗಳನ್ನು ಅಸ್ಥಿಪಂಜರದವರೆಗೆ ಬಿಚ್ಚಿ ಹೊಸದಾಗಿ ಜೋಡಿಸುವ ದೊಡ್ಡ ಕೆಲಸ ಶುರುವಾಯಿತು. ಆರ್-32 ಬೋಗಿಗಳು ನ್ಯೂಯಾರ್ಕ್ ರಾಜ್ಯದ ಹಾರ್ನೆಲ್ ಎಂಬ ಸಣ್ಣ ಊರಿನ ಕಾರ್ಖಾನೆಗೆ ಹೋಗಿ ಹವಾನಿಯಂತ್ರಣ ಸಹಿತ ಮರಳಿದವು. ಗೀಚಿದ ಬೋಗಿಯನ್ನು ತೊಳೆಯದೆ ಹಳಿಗೆ ಬಿಡಕೂಡದು ಎಂಬ ಕಟ್ಟುನಿಟ್ಟು ಜಾರಿಯಾಯಿತು. ಗೀಚುಬರಹ ಹೊತ್ತ ಕೊನೆಯ ರೈಲು 1989ರ ಮೇ 12ರಂದು ಹಳಿ ಬಿಟ್ಟಿತು. ಇವೆಲ್ಲಕ್ಕಿಂತ ಮುಖ್ಯವಾಗಿ ನನಗೆ ಕಾಣುವುದು ಸದ್ದಿಲ್ಲದೆ ಬಂದ ಒಂದು ಪದ್ಧತಿ. ಕೆಟ್ಟ ಮೇಲೆ ಸರಿಪಡಿಸುವ ಬದಲು, ಪ್ರತಿ ಭಾಗದ ಬಾಳಿಕೆಯ ಅವಧಿ ಲೆಕ್ಕಹಾಕಿ, ಅದು ಕೆಡುವ ಮುನ್ನವೇ ಬದಲಿಸುವುದು. ಬಾಗಿಲಿನ ಮೋಟಾರು, ಬ್ರೇಕಿನ ಕವಾಟ, ಹವಾನಿಯಂತ್ರಣದ ಕಂಪ್ರೆಸರ್, ಎಲ್ಲಕ್ಕೂ ಒಂದೊಂದು ಗಡುವು. ಕೋನಿ ಐಲ್ಯಾಂಡ್ ಮತ್ತು 207ನೇ ಸ್ಟ್ರೀಟಿನ ವರ್ಕ್‌ಶಾಪುಗಳು ಇಂದಿಗೂ ಆ ಪದ್ಧತಿಯಲ್ಲೇ ನಡೆಯುತ್ತವೆ. ಎರಡು ದಶಕ ಕಳೆಯುವಷ್ಟರಲ್ಲಿ ಎರಡು ಕೆಡುಕುಗಳ ನಡುವಿನ ಸರಾಸರಿ ಓಟ ಒಂದು ಲಕ್ಷ ಮೈಲಿ ದಾಟಿತ್ತು.

ಅದೇ ಡೇವಿಡ್ ಗನ್ ಕಾಲದಲ್ಲಿ ಗಾಢ ಕೆಂಪು ಬಳಿಸಿಕೊಂಡ ಇನ್ನೊಂದು ಗುಂಪಿನ ಬೋಗಿಗಳಿಗೆ ‘ರೆಡ್‌ಬರ್ಡ್’ ಎಂದು ಹೆಸರಾಯಿತು. ಅವು 1950ರ ದಶಕದ ಕೊನೆಯಿಂದ 60ರ ದಶಕದ ಮಧ್ಯದವರೆಗೆ ಬಂದ ಸಾಮಾನ್ಯ ಉಕ್ಕಿನ ಬೋಗಿಗಳು. 2003ರ ನವೆಂಬರ್ 3ರಂದು ಕ್ವೀನ್ಸ್‌ನ 7ನೇ ಮಾರ್ಗದಲ್ಲಿ ಕೊನೆಯ ರೆಡ್‌ಬರ್ಡ್ ಓಡಿತು. ಅವುಗಳ ಗೋಡೆಯಲ್ಲಿ ಆಸ್ಬೆಸ್ಟಾಸ್ ಇತ್ತು. ಗುಜರಿಗೆ ಹಾಕಬೇಕಾದರೆ ಮೊದಲು ಅದನ್ನು ಹುಷಾರಾಗಿ ಕೀಳಬೇಕು. ಗಾಳಿಯಲ್ಲಿ ಬೆರೆತರೆ ಶ್ವಾಸಕೋಶಕ್ಕೆ ಕುತ್ತು, ಕೀಳುವ ಖರ್ಚೂ ದೊಡ್ಡದು. ನೀರಿನಡಿಯಲ್ಲಿ ಅದರಿಂದ ಅಪಾಯವಿಲ್ಲ. ಹಾಗಾಗಿ ಚಕ್ರ, ಕಿಟಕಿ, ಬಾಗಿಲು, ಎಣ್ಣೆ-ಗ್ರೀಸು ಎಲ್ಲ ತೆಗೆದು, ಬರಿಯ ಪೆಟ್ಟಿಗೆಯನ್ನು ಬಾರ್ಜಿನ ಮೇಲೆ ಹೇರಿ ಅಟ್ಲಾಂಟಿಕ್ ಸಾಗರಕ್ಕೆ ಒಯ್ದರು. 2001ರ ಆಗಸ್ಟ್‌ನಲ್ಲಿ ಡೆಲವೇರ್ ರಾಜ್ಯದ ಕರಾವಳಿಯಿಂದ ಸುಮಾರು 16 ಮೈಲಿ ಆಚೆ ಮೊದಲ ಬೋಗಿಗಳು ಮುಳುಗಿದವು.

ಅಲ್ಲಿನ ಸಮುದ್ರತಳ ಬರಿಯ ಮರಳು. ಮೀನು ಅಡಗಲು ಬಂಡೆಯಿಲ್ಲ, ಪೊಟರೆಯಿಲ್ಲ. ಕಿಟಕಿ-ಬಾಗಿಲುಗಳ ತೂತುಗಳಿರುವ ಬೋಗಿ ಆ ಕೊರತೆ ನೀಗಿತು. ಗೋಡೆಗಳಿಗೆ ಚಿಪ್ಪುಜೀವಿಗಳು ಅಂಟಿಕೊಂಡವು, ಅವನ್ನು ತಿನ್ನಲು ಮೀನು ಬಂತು, ಮೀನಿನ ಹಿಂದೆ ಗಾಳದವರ ದೋಣಿಗಳು. ಆ ಜಾಗಕ್ಕೆ ರೆಡ್‌ಬರ್ಡ್ ರೀಫ್ ಎಂದೇ ಹೆಸರು. ಅಲ್ಲೊಂದೇ ಕಡೆ 700ಕ್ಕೂ ಹೆಚ್ಚು ಬೋಗಿಗಳಿವೆ. ನ್ಯೂಜೆರ್ಸಿಯಿಂದ ಜಾರ್ಜಿಯಾದವರೆಗೆ ಹಲವು ರಾಜ್ಯಗಳು ತಮಗೂ ಬೇಕೆಂದು ಕೇಳಿ ಪಡೆದವು. 2010ರ ವೇಳೆಗೆ ಸುಮಾರು 2,500 ಬೋಗಿಗಳು ಸಮುದ್ರ ಸೇರಿದ್ದವು. ಛಾಯಾಗ್ರಾಹಕ ಸ್ಟೀಫನ್ ಮ್ಯಾಲನ್ ಈ ಕೊನೆಯ ಪಯಣವನ್ನು ಬಾರ್ಜಿನ ಬೆನ್ನುಹತ್ತಿ ಸೆರೆಹಿಡಿದಿದ್ದಾರೆ.

ಆದರೆ ಬ್ರೈಟ್‌ಲೈನರ್ ಕಾಲದ ಸ್ಟೇನ್‌ಲೆಸ್ ಬೋಗಿಗಳ ಸರದಿ ಬಂದಾಗ ಯಾರೂ ಎಣಿಸದ ಸಂಗತಿ ನಡೆಯಿತು. ಭೂಮಿಯ ಮೇಲೆ ಅರ್ಧ ಶತಮಾನ ಕುಂದದೆ ನಿಲ್ಲುವ ಆ ಮೈ ಉಪ್ಪುನೀರಿನಲ್ಲಿ ಕೆಲವೇ ತಿಂಗಳಲ್ಲಿ ಕುಸಿದು ಬಿತ್ತು. ದಪ್ಪ ಉಕ್ಕಿನ ರೆಡ್‌ಬರ್ಡ್ ಅಲೆಗಳ ಹೊಡೆತ ತಡೆದುಕೊಂಡಿತು. ತೆಳು ತಗಡು, ಚುಕ್ಕಿ ಬೆಸುಗೆಯ ಬೋಗಿ ಕಳಚಿಕೊಂಡಿತು. ನ್ಯೂಜೆರ್ಸಿ ಇನ್ನು ಬೇಡವೆಂದಿತು. ಹಳಿಯ ಮೇಲಿನ ಭಾರಕ್ಕೆಂದು ಮಾಡಿದ ಬೆಸುಗೆಗೆ ಅಲೆಯ ಭಾರ ಗೊತ್ತಿರಲಿಲ್ಲ, ಅಷ್ಟೆ.

ಹಾಗೆ ಸಮುದ್ರಕ್ಕೋ ಗುಜರಿಗೋ ಹೋಗುತ್ತಿದ್ದ ಆರ್-32 ಬೋಗಿಗಳಲ್ಲಿ 222 ಉಳಿದುಕೊಂಡದ್ದು ಆಕಸ್ಮಿಕ. ಯೋಜನೆಯ ಪ್ರಕಾರ ಆರ್-160 ಎಂಬ 1,662 ಹೊಸ ಬೋಗಿಗಳು ಬಂದು 2010ರ ಹೊತ್ತಿಗೆ ಎಲ್ಲ ಆರ್-32ಗಳೂ ಹೋಗಬೇಕಿತ್ತು. ಅಷ್ಟರಲ್ಲಿ, ಅವಕ್ಕಿಂತ ಸುಮಾರು ಎಂಟು ವರ್ಷ ಚಿಕ್ಕವಾದ ಆರ್-44 ಬೋಗಿಗಳ ಚೌಕಟ್ಟಿನಲ್ಲಿ ತುಕ್ಕು ತಿಂದ ಜಾಗಗಳು ಬಯಲಾದವು. 1972ರ ಪರೀಕ್ಷಾ ಓಟದಲ್ಲಿ ಗಂಟೆಗೆ 87 ಮೈಲಿ ದಾಟಿದ್ದ ಹೆಮ್ಮೆಯ ಬೋಗಿಗಳವು. ಹೊರಗೆ ಹೊಳೆಯುವ ಸ್ಟೇನ್‌ಲೆಸ್, ಭಾರ ಹೊರುವ ಕೆಲವು ಕಡೆ ಸಾಮಾನ್ಯ ಉಕ್ಕು. ಆ ಉಕ್ಕೇ ಕೈಕೊಟ್ಟಿತ್ತು. 2009ರ ಕೊನೆಯಲ್ಲಿ ಅವನ್ನು ನಿಲ್ಲಿಸತೊಡಗಿದರು. ಚಿಕ್ಕವು ಮೊದಲು ಹೋದವು, ದೊಡ್ಡವು ಉಳಿದವು. ಯಾವ ವರ್ಷ ಕಟ್ಟಿದ್ದು ಎಂಬುದೊಂದನ್ನೇ ನೋಡಿ ನಿವೃತ್ತಿ ಬರೆದಿದ್ದರೆ ಪ್ರಯಾಣಿಕರ ಜೀವಕ್ಕೆ ಅಪಾಯವಿತ್ತು. ಚೌಕಟ್ಟಿನಡಿ ತೆವಳಿ ಟಾರ್ಚು ಹಿಡಿದು ನೋಡಿದವರ ಮಾತು ಇಲ್ಲಿ ನಡೆಯಿತು, ನಡೆಯಬೇಕಾದದ್ದೂ ಹಾಗೆಯೇ.

ಉಳಿದ ಆರ್-32ಗಳು ಮತ್ತೂ ಒಂದು ದಶಕ ಓಡಿದವು. 2012ರ ಸ್ಯಾಂಡಿ ಚಂಡಮಾರುತ ಜಮೈಕಾ ಕೊಲ್ಲಿಯ ಮೇಲಿನ ಹಳಿಗಳನ್ನು ಕೊಚ್ಚಿ ರಾಕವೇ ಬಡಾವಣೆಗಳನ್ನು ನಗರದಿಂದ ಕತ್ತರಿಸಿ ಹಾಕಿದಾಗ, ಇಪ್ಪತ್ತು ಆರ್-32 ಬೋಗಿಗಳನ್ನು ಲಾರಿಗಳ ಮೇಲೆ ಹೇರಿಕೊಂಡು ಹೋಗಿ ಅಲ್ಲಿನ ಹಳಿಗೆ ಇಳಿಸಿದರು. 2013ರ ಮೇ ಕೊನೆಯಲ್ಲಿ ಮುಖ್ಯ ಮಾರ್ಗ ಸರಿಹೋಗುವವರೆಗೆ ಆ ತುಂಡು ಹಳಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಿ, ಮನೆಮಠ ನೆಂದುಹೋದ ಜನರನ್ನು ಹಣ ಪಡೆಯದೆ ಸಾಗಿಸಿದ್ದು ಆ ಬೋಗಿಗಳು. ಅವುಗಳ ಬಗ್ಗೆ ನನಗಿರುವ ಗೌರವಕ್ಕೆ ಈ ಒಂದು ಸಂಗತಿ ಸಾಕು.

ಗೌರವ ಬೇರೆ, ದಿನನಿತ್ಯದ ಪ್ರಯಾಣ ಬೇರೆ. ಆರ್-32ಗಳು ಹೆಚ್ಚಾಗಿ ಓಡಿದ ‘ಸಿ’ ಮಾರ್ಗವನ್ನು ಸ್ಟ್ರ್ಯಾಪ್‌ಹ್ಯಾಂಗರ್ಸ್ ಎಂಬ ಪ್ರಯಾಣಿಕರ ಸಂಘಟನೆ ಸತತ ಹಲವು ವರ್ಷ ನಗರದ ಅತಿ ಕೆಟ್ಟ ಮಾರ್ಗವೆಂದು ಗುರುತಿಸಿತು. ಹೊಸ ಮಾದರಿಗಳು ಒಮ್ಮೆ ಕೆಡುವ ಮುನ್ನ ಲಕ್ಷಗಟ್ಟಲೆ ಮೈಲಿ ಓಡುತ್ತಿದ್ದಾಗ ಇವು ಅದರ ಒಂದು ಸಣ್ಣ ಪಾಲನ್ನಷ್ಟೇ ಓಡುತ್ತಿದ್ದವು. ಘೋಷಣೆ ಅರ್ಥವಾಗದು. ಮುಂದಿನ ನಿಲ್ದಾಣ ತೋರಿಸುವ ಫಲಕವಿಲ್ಲ. ಕಿವಿ ಕೇಳದವರು ಪ್ರತಿ ನಿಲ್ದಾಣದಲ್ಲೂ ಕಂಬದ ಮೇಲಿನ ಹೆಸರನ್ನು ಇಣುಕಿ ನೋಡಬೇಕು. ಬೇಸಿಗೆಯಲ್ಲಿ ಹವಾನಿಯಂತ್ರಣ ಸೋಲುತ್ತಿತ್ತು. ಪೂರ್ತಿ ನೆಲದಡಿಯಲ್ಲೇ ಸಾಗುವ ‘ಸಿ’ ಮಾರ್ಗದ ಕಾವಿಗೆ ಯಂತ್ರಗಳು ಬಸವಳಿಯುತ್ತವೆಂದು, ಬೇಸಿಗೆಯಲ್ಲಿ ಈ ಬೋಗಿಗಳನ್ನು ಸ್ವಲ್ಪ ದೂರವಾದರೂ ಬಯಲಿಗೆ ಬರುವ ಮಾರ್ಗಗಳಿಗೆ ಕಳಿಸುತ್ತಿದ್ದರು. ಬೋಗಿಗೆ ಗಾಳಿ ಬೇಕೆಂದು ಮಾರ್ಗ ಬದಲಿಸುವ ಸ್ಥಿತಿ ಬಂದಾಗಲೇ ಅದರ ಕಾಲ ಮುಗಿದಿತ್ತು.

ಬಿಡಿಭಾಗಗಳ ಪಾಡು ಇನ್ನೂ ಕಷ್ಟ. ಬೋಗಿ ಕಟ್ಟಿದ ಬಡ್ ಕಂಪನಿ 1980ರ ದಶಕದಲ್ಲೇ ರೈಲಿನ ವ್ಯವಹಾರ ಬಿಟ್ಟಿತ್ತು. ಬೇಕಾದ ಭಾಗ ಮಾರುಕಟ್ಟೆಯಲ್ಲಿ ಸಿಗದಿದ್ದರೆ ನಿವೃತ್ತ ಬೋಗಿಯಿಂದ ಕೀಳಬೇಕು, ಇಲ್ಲವೆ ವರ್ಕ್‌ಶಾಪಿನಲ್ಲೇ ಕಡೆದು ಮಾಡಬೇಕು. ಹೀಗೆ ಓಡಿಸಿದ ಮೆಕ್ಯಾನಿಕ್‌ಗಳ ಕೈಚಳಕ ದೊಡ್ಡದು. ಆದರೆ ಆ ಕೈಚಳಕದ ಆಸರೆಯಲ್ಲಿ ಮೇಲಿನವರು ತಮ್ಮ ವಿಳಂಬವನ್ನು ಮುಚ್ಚಿಟ್ಟುಕೊಳ್ಳುತ್ತಾರೆ. ಡಿಪೊದವರು ಹೇಗೋ ಓಡಿಸುತ್ತಾರೆ ಎಂಬ ಧೈರ್ಯವಿರುವವರೆಗೆ ಹೊಸ ಬೋಗಿಯ ಕಡತ ಮೇಜು ಬಿಟ್ಟು ಏಳುವುದಿಲ್ಲ.

ಬದಲಿ ಬೋಗಿಗಳ ಕತೆಯೂ ಅದನ್ನೇ ಹೇಳುತ್ತದೆ. ಆರ್-179ರ ಗುತ್ತಿಗೆ ಆದದ್ದು 2012ರಲ್ಲಿ. ಬೆಸುಗೆಯಲ್ಲಿ ಬಿರುಕು, ತಂತ್ರಾಂಶದ ತೊಡಕು, ಬಾಗಿಲಿನ ದೋಷ ಎಂದು ಎಳೆದಾಡಿ ಕೊನೆಯ ಬೋಗಿ ಬರುವಷ್ಟರಲ್ಲಿ 2020. ಆ ನಡುವೆ ಹಳೆಯ ಬೋಗಿಗಳನ್ನು ಓಡಿಸುತ್ತಿರಲು ಸುಮಾರು 3.5 ಕೋಟಿ ಡಾಲರ್ ಹೆಚ್ಚುವರಿ ಖರ್ಚಾಯಿತೆಂದು ನಗರದ ಲೆಕ್ಕಪರಿಶೋಧಕರ ಕಚೇರಿ ಹೇಳಿತು. ಮುಂದಿನ ಮಾದರಿ ಕವಾಸಾಕಿಯ ಆರ್-211. ಗುತ್ತಿಗೆ 2018ರ ಜನವರಿಯಲ್ಲಿ, ಮೊದಲ ಪ್ರಯಾಣಿಕ ಹತ್ತಿದ್ದು 2023ರ ಮಾರ್ಚ್ 10ರಂದು. ಐದು ವರ್ಷ ದಾಟಿತು. ಅದು ಒಳ್ಳೆಯ ಬೋಗಿ. ಬಾಗಿಲುಗಳು ಹಿಂದಿನವಕ್ಕಿಂತ ಎಂಟು ಇಂಚು ಅಗಲ, ಇಳಿಯುವವರೂ ಹತ್ತುವವರೂ ಡಿಕ್ಕಿಯಾಗುವುದು ಕಡಿಮೆ. ಕೆಲವು ರೈಲುಗಳಲ್ಲಿ ಬೋಗಿಯಿಂದ ಬೋಗಿಗೆ ಗೋಡೆಯೇ ಇಲ್ಲ. ಇವು ಬದಲಿಸುತ್ತಿರುವ ಆರ್-46 ಬೋಗಿಗಳು 1975ರಿಂದ ಓಡುತ್ತಿವೆ; ಬೋಗಿಯೊಂದಕ್ಕೆ ನ್ಯೂಯಾರ್ಕ್ ಇಟ್ಟುಕೊಂಡಿರುವ ಲೆಕ್ಕ 40 ವರ್ಷ.

ಆರ್-32ಗೆ ಬೀಳ್ಕೊಡುಗೆ ಚೆನ್ನಾಗಿಯೇ ಆಯಿತು. 2021ರ ಡಿಸೆಂಬರ್‌ನಿಂದ ಕೆಲವು ಭಾನುವಾರ ಅವನ್ನು ಕೊನೆಯ ಓಟಗಳಿಗೆ ಬಿಟ್ಟರು. 2022ರ ಜನವರಿ 9ರಂದು ಮುಗಿಯಿತು. ಆ ಹೊತ್ತಿಗೆ 57 ವರ್ಷ ಕಳೆದಿತ್ತು. ಇಂಥ ವಿದಾಯಗಳನ್ನು ಹಳೆಯ ಮೋಹವೆಂದು ತಳ್ಳಿಹಾಕುವವರಿದ್ದಾರೆ, ನಾನು ಒಪ್ಪುವುದಿಲ್ಲ. ಬ್ಯೂನಸ್ ಐರಿಸ್‌ನ ‘ಎ’ ಮಾರ್ಗದಲ್ಲಿ ಬೆಲ್ಜಿಯಂನಿಂದ ಬಂದ ಮರದ ಬೋಗಿಗಳು 1913ರಿಂದ 2013ರ ಜನವರಿಯವರೆಗೆ ಓಡಿದವು. ಬಾಗಿಲನ್ನು ಪ್ರಯಾಣಿಕರೇ ಕೈಯಿಂದ ಎಳೆದು ತೆರೆಯಬೇಕಿತ್ತು. ನಿಲ್ಲಿಸಿದಾಗ ಊರಿನವರು ಪ್ರತಿಭಟಿಸಿದರು, ಅತ್ತರು. ಮರದ ಬೋಗಿ ಬೆಂಕಿಗೆ ಸುಲಭದ ತುತ್ತು ಎಂಬುದೂ ನಿಜ, ಆ ಅಳುವೂ ನಿಜ. ನಮ್ಮಲ್ಲೇ ಕೋಲ್ಕತ್ತ ಮೆಟ್ರೊ ತನ್ನ ಹವಾನಿಯಂತ್ರಣವಿಲ್ಲದ ಹಳೆಯ ರೇಕುಗಳನ್ನು 2021ರ ಅಕ್ಟೋಬರ್ 24ರಂದು, ದೇಶದ ಮೊದಲ ಮೆಟ್ರೊ ಶುರುವಾಗಿ 37 ವರ್ಷ ತುಂಬಿದ ದಿನವೇ, ಕಳಿಸಿಕೊಟ್ಟಿತು. ಅವು ಚೆನ್ನೈನ ಐಸಿಎಫ್ ಕಾರ್ಖಾನೆಯಲ್ಲಿ ಹುಟ್ಟಿದವು. ಅದೇ ಕೋಲ್ಕತ್ತದಲ್ಲಿ ಹೂಗ್ಲಿ ನದಿಯಡಿ ಈಗ ಓಡುವ ರೈಲುಗಳು ನಮ್ಮ ಬೆಂಗಳೂರಿನ ಬಿಇಎಂಎಲ್‌ನಲ್ಲಿ ತಯಾರಾದವು.

ಬೆಂಗಳೂರಿಗೆ ಈ ಇಡೀ ಕಥೆ ದೂರದ್ದಲ್ಲ. ನಮ್ಮ ಮೆಟ್ರೊದ ಮೊದಲ ಬೋಗಿಗಳನ್ನೂ ಬಿಇಎಂಎಲ್ ಕಟ್ಟಿತು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಅವು ಓಡತೊಡಗಿದಾಗ ಮೂರು ಬೋಗಿಯ ರೈಲೇ ಹೆಚ್ಚೆನಿಸಿತ್ತು. 2018ರಿಂದ ಅವನ್ನು ಆರು ಬೋಗಿಗೆ ಹಿಗ್ಗಿಸಿದರು. ನ್ಯೂಯಾರ್ಕ್‌ನಂತೆಯೇ ಇಲ್ಲಿಯೂ ಹಳಿಯ ಪಕ್ಕದ ಮೂರನೇ ಕಂಬಿಯಿಂದ ವಿದ್ಯುತ್. ಬೆಳಗ್ಗೆ ಎಂಟೂವರೆಗೆ ಮೆಜೆಸ್ಟಿಕ್‌ನಲ್ಲಿ ಹತ್ತಲು ಹೆಣಗಿದವರಿಗೆ ಆ ಬೋಗಿಗಳ ಮೇಲೆ ಎಷ್ಟು ಭಾರ ಬೀಳುತ್ತಿದೆಯೆಂದು ಹೇಳಬೇಕಿಲ್ಲ.

ಹೊಸ ಬೋಗಿ ಬರಲು ಎಷ್ಟು ಕಾಲ ಬೇಕೆಂಬುದನ್ನೂ ನಾವು ಈಗಾಗಲೇ ಅನುಭವಿಸಿದ್ದೇವೆ. 216 ಬೋಗಿಗಳ ಗುತ್ತಿಗೆ ಚೀನಾದ ಸಿಆರ್‌ಆರ್‌ಸಿಗೆ ಹೋದದ್ದು 2019ರ ಕೊನೆಯಲ್ಲಿ. ಹಳಿ, ನಿಲ್ದಾಣ ಸಿದ್ಧವಾಗಿದ್ದರೂ ರೈಲಿಲ್ಲದೆ ಆರ್.ವಿ. ರಸ್ತೆ–ಬೊಮ್ಮಸಂದ್ರ ಹಳದಿ ಮಾರ್ಗ ಕಾದು ಕುಳಿತಿತು. 2025ರ ಆಗಸ್ಟ್ 10ರಂದು ಅದು ಉದ್ಘಾಟನೆಯಾದಾಗ ಇದ್ದದ್ದು ಮೂರೇ ರೈಲು. ಒಂದು ಹೋದರೆ ಇನ್ನೊಂದಕ್ಕೆ 25 ನಿಮಿಷ. ಅದು ಹೊಸ ಮಾರ್ಗ. ರೈಲು ಬರದಿದ್ದರೆ ಜನ ಹಳೆಯ ದಾರಿಯಲ್ಲೇ ಹೋದರು. ಓಡುತ್ತಿರುವ ಮಾರ್ಗದ ಬೋಗಿಗಳು ಮುದಿಯಾಗಿ, ಬದಲಿ ಬರದೆ ನಿಂತರೆ ಆ ಅವಕಾಶವೂ ಇರುವುದಿಲ್ಲ.

ಮೆಟ್ರೊ ಬೋಗಿಗೆ ನಮ್ಮಲ್ಲಿ ಸಾಮಾನ್ಯವಾಗಿ ಹಿಡಿಯುವ ಬಾಳಿಕೆ ಸುಮಾರು 30 ವರ್ಷ. ಹಾಗಾದರೆ ನೇರಳೆ ಮಾರ್ಗದ ಮೊದಲ ಬೋಗಿಗಳ ನಿವೃತ್ತಿ 2041ರ ಆಸುಪಾಸು. ಅವುಗಳ ನಡುವಯಸ್ಸಿನ ದೊಡ್ಡ ದುರಸ್ತಿಯ ಸಮಯ ಇದೀಗ ಬಂದಿದೆ. ಹೊಸ ರೈಲಿನ ಉದ್ಘಾಟನೆಗೆ ಸಿಗುವ ರಿಬ್ಬನ್ನು, ಭಾಷಣ ಯಾವ ಓವರ್‌ಹಾಲಿಗೂ ಸಿಗುವುದಿಲ್ಲ. ಅದಕ್ಕಾಗಿಯೇ ನಾಗರಿಕರು ಅದರ ಬಗ್ಗೆ ಕೇಳಬೇಕು. ಪ್ರತಿ ಮಾದರಿಯ ಬೋಗಿ ಸರಾಸರಿ ಎಷ್ಟು ಮೈಲಿ ಓಡಿ ಒಮ್ಮೆ ಕೆಡುತ್ತದೆ ಎಂಬ ಲೆಕ್ಕವನ್ನು ನ್ಯೂಯಾರ್ಕ್ ಬಹಿರಂಗಪಡಿಸುತ್ತದೆ. ಆರ್-32 ಸೋಲುತ್ತಿದೆಯೆಂದು ಜನರಿಗೆ ತಿಳಿದದ್ದು ಆ ಅಂಕಿಗಳಿಂದ. ನಮ್ಮ ಮೆಟ್ರೊ ನಿಗಮವೂ ಮಾದರಿವಾರು ಆ ಲೆಕ್ಕವನ್ನು ತಿಂಗಳು ತಿಂಗಳು ಪ್ರಕಟಿಸಲಿ. ಬೈಯಪ್ಪನಹಳ್ಳಿ ಮತ್ತು ಪೀಣ್ಯ ಡಿಪೊಗಳ ತಂತ್ರಜ್ಞರು ಬೋಗಿಯ ಸ್ಥಿತಿಯ ಬಗ್ಗೆ ಬರೆಯುವ ವರದಿಗೆ ಟಿಕೆಟ್ ದರ ಏರಿಕೆಯಷ್ಟೇ ಗಮನ ಸಿಗಲಿ. 2041ರಲ್ಲಿ ಹಳಿಗೆ ಬರಬೇಕಾದ ಬೋಗಿಗಳ ಟೆಂಡರು 2033ರೊಳಗೆ ಕರೆಯಲೇಬೇಕು, ಅದಕ್ಕೆ ಹಣ ತೆಗೆದಿಡುವ ನಿರ್ಧಾರ ಈ ದಶಕ ಮುಗಿಯುವುದರೊಳಗೆ ಆಗಬೇಕು.